ಅಮ್ಮನ ಕಿಮೋ ಹತ್ತಿರದಲ್ಲೇ ಆಗಬಹುದಾ?

ಪ್ರಶ್ನೆ: ನಮ್ಮ ಮನೆ ಶಿರಸಿ–ಸಿದ್ದಾಪುರ ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ಅಮ್ಮನಿಗೆ 56 ವರ್ಷ. ಬಲ ಎದೆಯಲ್ಲಿ ಗಡ್ಡೆ ಇತ್ತು, ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು. ಕಂಕುಳಿನ ಎರಡು ಗ್ರಂಥಿಗೆ ಹಬ್ಬಿದೆ, ಹಾರ್ಮೋನ್ ಪಾಸಿಟಿವ್, ಹರ್-ಟೂ (ಕ್ಯಾನ್ಸರ್ ಬೆಳೆಸುವ ಒಂದು ಪ್ರೋಟೀನ್) ನೆಗೆಟಿವ್ ಅಂತ ವರದಿ ಬಂದಿದೆ. ನಾಲ್ಕು ಕೆಂಪು ಕಿಮೋ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು, ನಂತರ ರೇಡಿಯೇಷನ್ ಎಂದಿದ್ದಾರೆ. ಪ್ರತಿ ಸಲ ಅಲ್ಲಿಗೇ ಹೋಗಬೇಕಾ, ಹತ್ತಿರದ ಸಣ್ಣ ಕೇಂದ್ರದಲ್ಲಿ ಕಿಮೋ ಕೊಡಿಸಿದರೆ ಸಾಕಾ? ನೆಂಟರು ಮುಂಬೈಗೆ ಹೋಗಿ ಅಂತಿದ್ದಾರೆ. ಯಾವುದೋ ಅಧ್ಯಯನಕ್ಕೆ ಸೇರುತ್ತೀರಾ ಎಂದೂ ಆಸ್ಪತ್ರೆಯಲ್ಲಿ ಕೇಳಿದ್ದಾರೆ. ಅಮ್ಮನ ಮೇಲೆ ಪ್ರಯೋಗ ಮಾಡ್ತಾರಾ ಅಂತ ಹೆದರಿಕೆ. ಅಮ್ಮನಿಗೆ ಬರೀ ಗಡ್ಡೆ ಅಂತ ಹೇಳಿದ್ದೇವೆ, ಕ್ಯಾನ್ಸರ್ ಅಂತ ಹೇಳಿಲ್ಲ.

ಉತ್ತರ: ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದಂತೆ ಬರೆದ ಮಾತಿದೆಯಲ್ಲ, ಅಮ್ಮನಿಗೆ ಹೇಳಿಲ್ಲ ಅನ್ನೋದು, ನನಗೆ ಅದೇ ದೊಡ್ಡದಾಗಿ ಕಂಡಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ದಾರಿಯ ಲೆಕ್ಕ ನೋಡೋಣ.

ನಾಲ್ಕು ಮತ್ತು ಹನ್ನೆರಡು, ಒಟ್ಟು ಹದಿನಾರು ಸಲ. ಶಿರಸಿಯಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ 100 ಕಿಲೋಮೀಟರ್. ಹೋಗಿಬರುವುದು 200. ಅಂದರೆ ಕಿಮೋ ಒಂದಕ್ಕೇ 3200 ಕಿಲೋಮೀಟರ್ ಆಯ್ತು, ಮಧ್ಯೆ ರಕ್ತ ಪರೀಕ್ಷೆಗೆ ಅಂತ ಓಡಾಡುವುದು ಬೇರೆ. ನಾನು ಕುಮಟೆ ಕಡೆಯವನು, ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಕಿಮೋ ಬರೆದುಕೊಡುತ್ತಾ ಕೂತವನು. ಔಷಧ ಒಗ್ಗದೆ ಚಿಕಿತ್ಸೆ ಬಿಟ್ಟವರಿಗಿಂತ ಬಸ್ಸು, ಬಾಡಿಗೆ ಕಾರು, ತೋಟದ ಕೆಲಸ ಅಂತ ಸುಸ್ತಾಗಿ ಬಿಟ್ಟವರನ್ನೇ ಜಾಸ್ತಿ ನೋಡಿದ್ದೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಪಾಡೇ ಅದು. ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎದ್ದ ಕೂಗು ನಿಮಗೂ ನೆನಪಿರಬೇಕು.

ಹಾಗಾಗಿ ಹತ್ತಿರದಲ್ಲಿ ಆಗುವುದನ್ನು ಹತ್ತಿರದಲ್ಲೇ ಮಾಡಿಸಿ ಅಂತಲೇ ನನ್ನ ಉತ್ತರ. ಆದರೆ ಯಾವುದು ಹತ್ತಿರದಲ್ಲಿ ಆಗುತ್ತೆ, ಯಾವುದು ಆಗಲ್ಲ ಅಂತ ಬಿಡಿಸಿ ನೋಡಬೇಕು. ದೊಡ್ಡದಾ ಸಣ್ಣದಾ ಅಂತ ಇಡೀ ಚಿಕಿತ್ಸೆಯನ್ನು ಒಂದೇ ಗಂಟು ಕಟ್ಟಿ ಕೇಳಿದರೆ ಉತ್ತರ ಸಿಗುವುದಿಲ್ಲ.

ರೇಡಿಯೇಷನ್ ಸಣ್ಣ ಕೇಂದ್ರದಲ್ಲಿ ಆಗುವ ಮಾತಲ್ಲ. ಅದಕ್ಕೆ ಲೀನಿಯರ್ ಆಕ್ಸಿಲರೇಟರ್ ಯಂತ್ರ ಬೇಕು, ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ ಬೇಕು, ಡೋಸ್ ಲೆಕ್ಕ ಹಾಕುವ ಭೌತವಿಜ್ಞಾನಿ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಸಮಾಧಾನದ ವಿಷಯ ಅಂದ್ರೆ, ಮೊದಲೆಲ್ಲ ಐದು ವಾರ, 25 ಸಲ ಕೊಡುತ್ತಿದ್ದುದನ್ನು ಈಗ ಹಲವು ಕಡೆ ಮೂರು ವಾರ, 15 ಸಲಕ್ಕೆ ಇಳಿಸಿದ್ದಾರೆ. ಪ್ರತಿ ಸಲದ ಡೋಸ್ ಸ್ವಲ್ಪ ಜಾಸ್ತಿ, ದಿನ ಕಡಿಮೆ. ದೊಡ್ಡ ಅಧ್ಯಯನಗಳಲ್ಲಿ ಫಲಿತಾಂಶ ಅಷ್ಟೇ ಚೆನ್ನಾಗಿ ಬಂದಿದೆ. ನಿಮ್ಮ ರೇಡಿಯೇಷನ್ ಡಾಕ್ಟರನ್ನು ‘ಅಮ್ಮನಿಗೆ ಮೂರು ವಾರದ ಲೆಕ್ಕ ಆಗುತ್ತಾ’ ಅಂತ ಬಾಯಿಬಿಟ್ಟು ಕೇಳಿ. ಆ ಮೂರು ವಾರ ದಿನಾ ಓಡಾಡಬೇಡಿ, ಅಲ್ಲೇ ಒಂದು ಕೋಣೆ ನೋಡಿಕೊಳ್ಳಿ.

ಕಿಮೋ ಬೇರೆ ಥರ. ಯಾವ ಔಷಧ, ಎಷ್ಟು, ಎಷ್ಟು ದಿನಕ್ಕೊಮ್ಮೆ ಅನ್ನೋದನ್ನು ತೀರ್ಮಾನಿಸುವುದೇ ಅದರಲ್ಲಿ ಕಷ್ಟದ ಭಾಗ. ಆ ತೀರ್ಮಾನ ಸರ್ಜನ್, ಕಿಮೋ ಡಾಕ್ಟರು, ರೇಡಿಯೇಷನ್ ಡಾಕ್ಟರು, ಪೆಥಾಲಜಿಯವರು ಕೂತು ಮಾತಾಡಿ ಆಗಬೇಕು. ಅದಕ್ಕೆ ಟ್ಯೂಮರ್ ಬೋರ್ಡ್ ಅನ್ನುತ್ತಾರೆ. ತೀರ್ಮಾನ ಆದ ಮೇಲೆ ಹಾಕುವುದು ಡ್ರಿಪ್. ಕಲಿತ ನರ್ಸ್ ಇದ್ದರೆ, ಔಷಧ ಬೆರೆಸಲು ಸರಿಯಾದ ಜಾಗ ಇದ್ದರೆ, ಅದೇ ಔಷಧ ಹುಬ್ಬಳ್ಳಿಯಲ್ಲಿ ಹೇಗೆ ಕೆಲಸ ಮಾಡುತ್ತೋ ಇಲ್ಲೂ ಹಾಗೇ ಮಾಡುತ್ತೆ. ಸರ್ಕಾರ ಹಿಡಿದಿರುವ ದಾರಿಯೂ ಇದೇ. 2025–26ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಕ್ಯಾನ್ಸರ್ ಡೇ ಕೇರ್ ಕೇಂದ್ರ, ಮೊದಲ ವರ್ಷವೇ 200 ಅಂತ ಘೋಷಿಸಿದ್ದರು. ಕರ್ನಾಟಕದಲ್ಲೂ 2025ರಲ್ಲೇ ಜಿಲ್ಲಾ ಮಟ್ಟದಲ್ಲಿ ಡೇ ಕೇರ್ ಕಿಮೋ ಶುರುವಾಯಿತು. ಚಿಕಿತ್ಸೆಯ ಯೋಜನೆ ದೊಡ್ಡ ಆಸ್ಪತ್ರೆಯದ್ದು, ಡ್ರಿಪ್ ಜಿಲ್ಲೆಯದ್ದು.

ನಿಮ್ಮ ಅಮ್ಮನ ವಿಷಯದಲ್ಲಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಕೆಂಪು ಕಿಮೋ, ಅಂದರೆ ಡಾಕ್ಸೊರುಬಿಸಿನ್, ಮೊದಲ ಎರಡನ್ನಾದರೂ ಹುಬ್ಬಳ್ಳಿಯಲ್ಲೇ ಕೊಡಿಸುತ್ತಿದ್ದೆ. ಶುರು ಮಾಡುವ ಮುಂಚೆ ಹೃದಯದ ಎಕೋ ಆಗಿರಬೇಕು, ಆಗಿದೆಯಾ ನೋಡಿ. ಈ ಔಷಧ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟ ಹಾಗೆ ಆಗುತ್ತೆ, ವಾರಗಟ್ಟಲೆ ಗಾಯ. ಅದಕ್ಕೇ ಕೈ ಪಳಗಿದ ನರ್ಸ್ ಬೇಕು, ಅಥವಾ ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಕೂರಿಸುವ ಕಿಮೋ ಪೋರ್ಟ್ ಬೇಕು. ಹದಿನಾರು ಸಲ ಸೂಜಿ ಚುಚ್ಚಿಸಿಕೊಳ್ಳುವವರಿಗೆ, ಅದೂ ಆಪರೇಷನ್ ಆದ ಕಡೆಯ ಕೈ ಬಿಟ್ಟು ಒಂದೇ ಕೈ ಬಳಸಬೇಕಾದವರಿಗೆ, ಪೋರ್ಟ್ ಒಳ್ಳೆಯದು ಅಂತಲೇ ನನ್ನ ಅಭಿಪ್ರಾಯ. ಮರುದಿನ ಮೂತ್ರ ಕೆಂಪಗೆ ಹೋದರೆ ಗಾಬರಿ ಬೀಳಬೇಡಿ, ಅದು ರಕ್ತವಲ್ಲ, ಔಷಧದ ಬಣ್ಣ.

ವಾರಕ್ಕೊಮ್ಮೆಯ ಹನ್ನೆರಡು ಡೋಸ್ ಅಂದರೆ ಹೆಚ್ಚಾಗಿ ಪ್ಯಾಕ್ಲಿಟಾಕ್ಸೆಲ್. ಅಲರ್ಜಿ ಆಗುವುದಾದರೆ ಮೊದಲೆರಡು ಡೋಸ್‌ನಲ್ಲೇ, ಡ್ರಿಪ್ ಶುರುವಾದ ಕೆಲವೇ ನಿಮಿಷದಲ್ಲಿ ಆಗುವುದು ಜಾಸ್ತಿ. ಆ ಎರಡು ಸುಸೂತ್ರ ಆದರೆ ಉಳಿದ ಹತ್ತನ್ನು ಹತ್ತಿರಕ್ಕೆ ತನ್ನಿ. ಲೆಕ್ಕ ಹಾಕಿ, ಅಲ್ಲಿಗೇ 2000 ಕಿಲೋಮೀಟರ್ ಉಳಿಯಿತು. ಇದು ಬರೀ ನೀವು ಮನಸ್ಸು ಮಾಡಿದರೆ ಆಗುವ ಕೆಲಸವಲ್ಲ. ಹುಬ್ಬಳ್ಳಿಯ ಡಾಕ್ಟರು ಒಪ್ಪಿ, ಡೋಸ್ ಸಮೇತ ಚೀಟಿ ಬರೆದು, ಇಲ್ಲಿನವರ ಜೊತೆ ಫೋನಿನಲ್ಲಿ ಮಾತಾಡಬೇಕು. ಹೀಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಜನ ಸುಮ್ಮನಿರುತ್ತಾರೆ. ಬೇಜಾರು ಮಾಡಿಕೊಳ್ಳುವವರು ಇರಬಹುದು, ಆದರೂ ಕೇಳಿ.

ಹತ್ತಿರದ ಕೇಂದ್ರಕ್ಕೆ ಒಂದು ದಿನ ಅಮ್ಮನನ್ನು ಬಿಟ್ಟು ನೀವೊಬ್ಬರೇ ಹೋಗಿ ಬನ್ನಿ. ಕಟ್ಟಡ ಹೊಸದಾ, ಎಸಿ ಇದೆಯಾ ಅಂತ ನೋಡಬೇಡಿ. ಕಿಮೋ ಔಷಧವನ್ನು ಯಾರು ಬೆರೆಸುತ್ತಾರೆ ಕೇಳಿ. ಅದಕ್ಕೆ ಗಾಜಿನ ಮುಚ್ಚಳದ ಸುರಕ್ಷಾ ಕ್ಯಾಬಿನೆಟ್ ಇರಬೇಕು, ವಾರ್ಡಿನ ಮೂಲೆಯ ಮೇಜಿನ ಮೇಲೆ ಬೆರೆಸುತ್ತಿದ್ದರೆ ವಾಪಸ್ ಬನ್ನಿ. ಡಾಕ್ಟರು ವಾರದಲ್ಲಿ ಯಾವ ದಿನ ಇರುತ್ತಾರೆ, ಇಲ್ಲದ ದಿನ ಅಲರ್ಜಿ ಆದರೆ ಯಾರು ಓಡಿ ಬರುತ್ತಾರೆ, ರಕ್ತದ ಕೌಂಟ್ ಅಲ್ಲೇ ಆಗುತ್ತಾ, ಇವನ್ನೆಲ್ಲ ಕೇಳಿ. ಆಮೇಲೆ ಇನ್ನೊಂದು ಪ್ರಶ್ನೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ: ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು?

ಕಿಮೋ ಆಗಿ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಕಡಿಮೆ ಆಗಿರುತ್ತೆ. ಆಗ ಬರುವ ಜ್ವರ ಮಾಮೂಲಿ ಜ್ವರವಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿತು ಅಂದ್ರೆ ಆಸ್ಪತ್ರೆಗೆ ಹೊರಡಬೇಕು, ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡೋಣ ಅನ್ನೋದು ನಾನು ಕಂಡ ಅತಿ ದೊಡ್ಡ ತಪ್ಪು. ಮಾತ್ರೆಗೆ ಜ್ವರ ಇಳಿಯುತ್ತೆ, ಸೋಂಕು ಒಳಗೆ ಏರುತ್ತಲೇ ಇರುತ್ತೆ. ಈ ಹೊತ್ತಿನಲ್ಲಿ ಹುಬ್ಬಳ್ಳಿಗೇ ಹೋಗುತ್ತೇವೆ ಅಂತ ಎರಡೂವರೆ ಗಂಟೆ ಕಾರಿನಲ್ಲಿ ಕೂರಬೇಡಿ. ಶಿರಸಿಯಲ್ಲೇ ಮೊದಲ ಡೋಸ್ ಹಾಕಿಸಿ, ಆಮೇಲೆ ಮುಂದಿನದು. ‘ಇವರು ಕಿಮೋದಲ್ಲಿದ್ದಾರೆ, ಜ್ವರ ಬಂದರೆ ಹೀಗೆ ಮಾಡಿ’ ಅಂತ ಔಷಧದ ಹೆಸರು ಸಹಿತ ಹುಬ್ಬಳ್ಳಿಯ ಡಾಕ್ಟರ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡು ಇಟ್ಟುಕೊಳ್ಳಿ. ರಾತ್ರಿ ಪಾಳಿಯ ಹೊಸ ಡಾಕ್ಟರಿಗೆ ಆ ಒಂದು ಚೀಟಿ ಎಷ್ಟು ಧೈರ್ಯ ಕೊಡುತ್ತೆ ಅಂತ ನಿಮಗೆ ಗೊತ್ತಿಲ್ಲ.

ಮಳೆಗಾಲದ ಮಾತನ್ನೂ ಸೇರಿಸಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತಲ್ಲ, ದೇವಿಮನೆ ಘಟ್ಟದಲ್ಲೂ ಮಳೆಗಾಲದಲ್ಲಿ ಇದೇ ಹಣೆಬರಹ. ನಿಮ್ಮ ಹುಬ್ಬಳ್ಳಿ ದಾರಿಗೆ ಘಟ್ಟ ಇಲ್ಲ ನಿಜ, ಆದರೆ ಒಳದಾರಿಯ ಮೋರಿ ತುಂಬಿದರೆ ಆ ನಾಲ್ಕು ಕಿಲೋಮೀಟರೇ ಸಾಕು. ಆಷಾಢದಲ್ಲಿ ಕಿಮೋ ದಿನ ಬಿದ್ದರೆ ಹಿಂದಿನ ದಿನವೇ ಪೇಟೆಯ ನೆಂಟರ ಮನೆಯಲ್ಲಿ ಬಂದು ಉಳಿಯಿರಿ. ಒಂದೆರಡು ದಿನ ತಡವಾದರೆ ಆಕಾಶ ಬೀಳಲ್ಲ. ಪದೇ ಪದೇ ವಾರಗಟ್ಟಲೆ ತಡ ಆಗಬಾರದು ಅಷ್ಟೇ.

ಮುಂಬೈ ಬಗ್ಗೆ. ಟಾಟಾ ಮೆಮೋರಿಯಲ್ 1941ರಿಂದ ಇರುವ ಆಸ್ಪತ್ರೆ, ಅದರ ಮೇಲೆ ನನಗೆ ದೊಡ್ಡ ಗೌರವ. ಆದರೆ ನಿಮ್ಮ ಅಮ್ಮನದ್ದು ದಾರಿ ಗೊತ್ತಿರುವ ಕಾಯಿಲೆ. ನೀವು ಬರೆದ ವರದಿಗೆ ನಾಲ್ಕು ಮತ್ತು ಹನ್ನೆರಡರ ಲೆಕ್ಕ ಹಾಕುವುದು ಎಲ್ಲ ಕಡೆ ನಡೆದು ಬಂದದ್ದೇ, ಅಲ್ಲಿಗೆ ಹೋದರೂ ಬೇರೆ ಮಂತ್ರವೇನೂ ಹೇಳಲ್ಲ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಅಂತ ಒಂದು ಕೂಟವಿದೆ. ಊರು ಯಾವುದಾದರೂ ಒಂದೇ ಗುಣಮಟ್ಟದ ಚಿಕಿತ್ಸೆ ಸಿಗಲಿ ಅಂತ ಆ ಕೂಟ ಮಾಡಿರುವ ಮಾರ್ಗಸೂಚಿಯನ್ನೇ ನಾವೂ ಹಿಡಿದು ನಡೆಯುವುದು. ಮನಸ್ಸಿಗೆ ಸಮಾಧಾನ ಆಗಲ್ಲ ಅಂದರೆ ವರದಿ, ಆಸ್ಪತ್ರೆಯಲ್ಲಿ ತೆಗೆದಿಟ್ಟ ಗಡ್ಡೆಯ ತುಂಡಿನ ಬ್ಲಾಕ್, ಸ್ಲೈಡ್ ಹಿಡಿದು ಒಮ್ಮೆ ಅಭಿಪ್ರಾಯ ಕೇಳಿ ಬನ್ನಿ, ಚಿಕಿತ್ಸೆ ಮಾತ್ರ ಇಲ್ಲೇ ಆಗಲಿ. ಅಮ್ಮನನ್ನೂ ಕರೆದುಕೊಂಡು ಕುಮಟೆಯಿಂದ ರೈಲಿನಲ್ಲಿ ಹೋಗುವುದಾದರೆ ಡಾಕ್ಟರ ಸಹಿ, ಸೀಲು ಇರುವ ರೈಲ್ವೆ ರಿಯಾಯಿತಿ ಫಾರಂ ತುಂಬಿಸಿಕೊಳ್ಳಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಮೂಲ ದರ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ 75 ಶೇಕಡ ರಿಯಾಯಿತಿ.

ಈಗ ಅಧ್ಯಯನದ ವಿಷಯ. ಪ್ರಯೋಗದ ಇಲಿ ಅನ್ನುವ ಮಾತು ನಮ್ಮ ಕಡೆ ಎಷ್ಟು ಬೇರೂರಿದೆ ಅಂದರೆ ‘ರಿಸರ್ಚ್’ ಅಂದ ಕೂಡಲೇ ಜನ ಕುರ್ಚಿ ಹಿಂದೆ ಸರಿಸುತ್ತಾರೆ. ಹಾಗೆ ಅನ್ನಿಸಲು ಕಾರಣ ಇಲ್ಲದಿಲ್ಲ, ಬಡವರಿಗೆ ಸರಿಯಾಗಿ ಹೇಳದೆ ಸಹಿ ಹಾಕಿಸಿಕೊಂಡ ಕಾಲವೂ ಇತ್ತು. ಆದರೆ ಒಂದು ಉದಾಹರಣೆ ಕೊಡುತ್ತೇನೆ. ಎದೆಯ ಕ್ಯಾನ್ಸರ್ ಆಪರೇಷನ್‌ಗೆ ಸ್ವಲ್ಪ ಮುಂಚೆ ಗಡ್ಡೆಯ ಸುತ್ತ ಲಿಗ್ನೋಕೇನ್ ಚುಚ್ಚಿದರೆ ಏನಾಗುತ್ತೆ ಅಂತ ಟಾಟಾ ಮೆಮೋರಿಯಲ್‌ನವರು ದೇಶದ 11 ಆಸ್ಪತ್ರೆಗಳಲ್ಲಿ ನೋಡಿದರು. ಲಿಗ್ನೋಕೇನ್ ಅಂದರೆ ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಅಗ್ಗದ ಇಂಜೆಕ್ಷನ್. ಸುಮಾರು 1600 ಹೆಂಗಸರು ಸೇರಿದ್ದರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷದ ನಂತರ ಬದುಕಿದ್ದವರು ಇಂಜೆಕ್ಷನ್ ಪಡೆದ ಗುಂಪಿನಲ್ಲಿ 90.1 ಶೇಕಡ, ಪಡೆಯದ ಗುಂಪಿನಲ್ಲಿ 86.4. ನೂರಕ್ಕೆ ಮೂರ್ನಾಲ್ಕು ಜೀವ, ಅದೂ ನೂರು ರೂಪಾಯಿಯ ಒಳಗಿನ ಔಷಧದಿಂದ! ಇದನ್ನು ಯಾವ ಔಷಧ ಕಂಪನಿಯೂ ಕಂಡುಹಿಡಿಯಲು ಹೋಗುತ್ತಿರಲಿಲ್ಲ, ಅದರಲ್ಲಿ ಲಾಭ ಇಲ್ಲವಲ್ಲ. ಮೂರು ವಾರದ ರೇಡಿಯೇಷನ್ ಲೆಕ್ಕ ಹೇಳಿದೆನಲ್ಲ, ಅದೂ ಯಾರೋ ಹೆಂಗಸರು ಅಧ್ಯಯನಕ್ಕೆ ಒಪ್ಪಿದ್ದರಿಂದಲೇ ನಿಮ್ಮ ಅಮ್ಮನಿಗೆ ಸಿಗುತ್ತಿರುವುದು.

ಹಾಗಂತ ಕಣ್ಣು ಮುಚ್ಚಿ ಸಹಿ ಹಾಕಿ ಅಂತಿಲ್ಲ. ಅಧ್ಯಯನ ಅಂದರೆ ಹೊಸ ಔಷಧವೇ ಆಗಬೇಕಿಲ್ಲ. ಬರೀ ಪ್ರಶ್ನೆ ಕೇಳಿ ಬರೆದುಕೊಳ್ಳುವುದಿರಬಹುದು, ಒಂದಿಷ್ಟು ಹೆಚ್ಚಿನ ರಕ್ತ ತೆಗೆಯುವುದಿರಬಹುದು, ವ್ಯಾಯಾಮ ಕಲಿಸುವುದಿರಬಹುದು. ಮೊದಲು ಯಾವ ಥರದ್ದು ಕೇಳಿ. ಔಷಧದ್ದಾದರೆ, ಮಾಮೂಲಿ ಚಿಕಿತ್ಸೆಗೆ ಇದನ್ನು ಸೇರಿಸುತ್ತಾರಾ ಅಥವಾ ಅದರ ಬದಲಿಗೆ ಕೊಡುತ್ತಾರಾ ಕೇಳಿ. ಫಲ ಗೊತ್ತಿರುವ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ ಔಷಧವೇ ಇಲ್ಲದ ಬರೀ ಸಕ್ಕರೆಯ ಗುಳಿಗೆ ಕೊಡುವ ಹಾಗಿಲ್ಲ. ಇಂಥ ಅಧ್ಯಯನ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಬೇಕು, ಸಿಟಿಆರ್‌ಐ ನಂಬರ್ ಕೇಳಿದರೆ ಹೇಳಬೇಕು. ಯಾರು ಬೇಕಾದರೂ ಕಾಸಿಲ್ಲದೆ ಹುಡುಕಿ ನೋಡಬಹುದು. ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅಧ್ಯಯನದಿಂದ ತೊಂದರೆ ಆದರೆ ಚಿಕಿತ್ಸೆ, ಪರಿಹಾರ ಕೊಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಮನೆಗೆ ಒಯ್ದು ಓದಿ ಯೋಚಿಸಲು ಸಮಯ ಕೊಡಬೇಕು, ಮಧ್ಯದಲ್ಲಿ ಬೇಡ ಅನ್ನಿಸಿದರೆ ಬಿಟ್ಟು ಬರಬಹುದು. ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಈಗಲೇ ಸಹಿ ಹಾಕಿ ಅಂತ ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ.

ಆದರೆ ಒಂದು ವಿಷಯ ಗಮನಿಸಿದಿರಾ? ಆ ಸಹಿ ಹಾಕಬೇಕಾದವರು ನಿಮ್ಮ ಅಮ್ಮ. ನೀವಲ್ಲ, ನಿಮ್ಮಣ್ಣನಲ್ಲ. ತನಗೆ ಕ್ಯಾನ್ಸರ್ ಅಂತಲೇ ಗೊತ್ತಿಲ್ಲದವರು ಯಾವುದಕ್ಕೆ ಒಪ್ಪಿಗೆ ಕೊಡುತ್ತಾರೆ? ಅಧ್ಯಯನದ ಮಾತು ಬಿಡಿ, ಜ್ವರ ಬಂದರೆ ಹೇಳಬೇಕು ಅಂತ ಅಮ್ಮನಿಗೆ ಗೊತ್ತಿರಬೇಡವಾ? ‘ಸುಮ್ನೆ ಮಕ್ಕಳಿಗೆ ತೊಂದರೆ ಯಾಕೆ’ ಅಂತ ಕಂಬಳಿ ಹೊದ್ದು ಮಲಗುವ ಅಮ್ಮಂದಿರನ್ನು ನಾನು ಬಲ್ಲೆ, ನಮ್ಮಮ್ಮನೂ ಅದೇ ಜಾತಿ. ಮತ್ತೆ ನಿಜ ಹೇಳಬೇಕೆಂದರೆ ಅವರಿಗೆ ಗೊತ್ತಾಗಿರುತ್ತೆ. ಆಸ್ಪತ್ರೆಯ ಬೋರ್ಡಿನ ಮೇಲೆ ಬರೆದಿರುತ್ತೆ, ಪಕ್ಕದ ಮಂಚದವರು ಹೇಳಿರುತ್ತಾರೆ, ಎರಡು ಮೂರು ವಾರಕ್ಕೆ ತಲೆಗೂದಲು ಹೋಗುತ್ತೆ. ನೀವು ಹೆದರುತ್ತೀರಿ ಅಂತ ಅವರು ಗೊತ್ತಿಲ್ಲದ ಹಾಗೆ ಇರುತ್ತಾರೆ, ಅವರು ಹೆದರುತ್ತಾರೆ ಅಂತ ನೀವು. ಒಂದೇ ಮನೆಯಲ್ಲಿ ಎರಡು ನಾಟಕ. ಮುಂದಿನ ಭೇಟಿಯಲ್ಲಿ ಡಾಕ್ಟರ ಎದುರಿನ ಕುರ್ಚಿಯಲ್ಲಿ ಅಮ್ಮನನ್ನೇ ಕೂರಿಸಿ. ‘ನಿಮಗೆ ಏನೇನು ತಿಳಿದುಕೊಳ್ಳಬೇಕು ಅನ್ನಿಸುತ್ತೆ’ ಅಂತ ಅವರನ್ನೇ ಕೇಳಲು ಡಾಕ್ಟರಿಗೆ ಮೊದಲೇ ಹೇಳಿಡಿ. ಕಂಕುಳಿನ ಎರಡು ಗ್ರಂಥಿ ಅಂದ ಮಾತ್ರಕ್ಕೆ ಕೈಬಿಟ್ಟ ಕೇಸಲ್ಲ ಇದು. ಬೇರೆ ಅಂಗಕ್ಕೆ ಹಬ್ಬಿಲ್ಲವಾದರೆ ಪೂರ್ತಿ ಗುಣ ಮಾಡುವ ಉದ್ದೇಶದಿಂದಲೇ ಇಷ್ಟೆಲ್ಲ ಕೊಡುವುದು. ಅದನ್ನೂ ಅಮ್ಮ ಕೇಳಿಸಿಕೊಳ್ಳಲಿ.

ದುಡ್ಡಿನದ್ದು ಚಿಕ್ಕದಾಗಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮತ್ತು ಮುಂಚಿತ ಅನುಮತಿ ಮೊದಲು, ಚಿಕಿತ್ಸೆ ಆಮೇಲೆ. ಬಿಲ್ ಕಟ್ಟಿ ಆಮೇಲೆ ಕೇಳುತ್ತೇವೆ ಅಂತ ಹೋಗಬೇಡಿ. ಕಿಮೋ ಜಾಗ ಬದಲಾಯಿಸುವಾಗ ಹೊಸ ಕೇಂದ್ರ ಈ ಯೋಜನೆಯಲ್ಲಿ ಇದೆಯಾ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಸಹಕಾರಿ ಸೊಸೈಟಿಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡನ್ನೂ ತೆಗೆದುಕೊಂಡು ಹೋಗಿ ಕೇಳಿ.

ಇನ್ನು ಮನೆಯಲ್ಲಿ. ಬಲ ಕಂಕುಳಿನ ಗ್ರಂಥಿ ತೆಗೆದಿದ್ದಾರೆ, ಹಾಗಾಗಿ ಬಲಗೈ ಊದಿಕೊಳ್ಳುವ ಸಾಧ್ಯತೆ ಇರುತ್ತೆ. ಕೈ ಅಲ್ಲಾಡಿಸದೆ ಇಟ್ಟರೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಭುಜ ಬಿಗಿದುಕೊಳ್ಳುತ್ತೆ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ದಿನಾ ಆಗಬೇಕು. ಗಾಯ ಆಗದಂತೆ ನೋಡಿಕೊಳ್ಳುವುದು ಮುಖ್ಯ. ಅದಕ್ಕೇ ಈ ಸಲದ ಅಡಿಕೆ ಸುಲಿಗೆಗೆ ಅಮ್ಮನಿಗೆ ರಜೆ ಕೊಡಿ. ಮೆಟ್ಟುಗತ್ತಿಯ ಸಣ್ಣ ಗಾಯವೂ, ಕೌಂಟ್ ಕಡಿಮೆ ಇರುವಾಗ, ಆ ಕೈಗೆ ದುಬಾರಿ. ಅಂಗಳದಲ್ಲಿ ಎಲ್ಲರ ಜೊತೆ ಕೂತು ಮಾತಾಡಲಿ, ಅದು ಬೇಕು. ಹಾಂ, ಮನೆಯಲ್ಲಿ ಯಾರಿಗಾದರೂ ಕವಳದ, ಅಂದರೆ ಎಲೆ ಅಡಿಕೆಯ ಚಟ ಇದ್ದರೆ ಅವರ ಬಾಯಿಯನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಊರಲ್ಲಿ ಈ ಮಾತು ಯಾರಿಗೂ ಹಿಡಿಸಲ್ಲ, ನನ್ನ ಮಾವನ ತೋಟದಲ್ಲೇ ಹೇಳಿ ಬೈಸಿಕೊಂಡಿದ್ದೇನೆ.

ಊಟಕ್ಕೆ ಪಥ್ಯ ಅಂತ ಹಿಂಸೆ ಮಾಡಬೇಡಿ. ಗಂಜಿ, ಬೇಯಿಸಿದ ತರಕಾರಿ, ಬೇಳೆ, ಮೊಟ್ಟೆ ಮೀನು ತಿನ್ನುವವರಾದರೆ ಅವೂ ಇರಲಿ. ಕುದಿಸಿ ಆರಿಸಿದ ನೀರು, ಅಡುಗೆ ಮಾಡುವವರ ತೊಳೆದ ಕೈ. ಬಾಯಿ ಹುಣ್ಣಾದಾಗ ಅಪ್ಪೆಹುಳಿ ಬೇಡ, ಉರಿಯುತ್ತೆ, ಅಷ್ಟೇ ಕಾರಣ. ಇನ್ನು ಲಕ್ಷ್ಮಣ ಫಲ. ನಮ್ಮ ಕಡೆ ಕ್ಯಾನ್ಸರ್ ಅಂದ ತಕ್ಷಣ ಯಾರಾದರೂ ಒಂದು ಚೀಲ ತಂದೇ ತರುತ್ತಾರೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದರ ರಸ ಕ್ಯಾನ್ಸರ್ ಕೋಶ ಕೊಲ್ಲುವುದು ನಿಜ, ಆದರೆ ಗಾಜಿನ ತಟ್ಟೆಯಲ್ಲಿ ಫಿನಾಯಿಲ್ ಕೂಡ ಕೊಲ್ಲುತ್ತೆ. ಹಣ್ಣು ಇಷ್ಟ ಅಂತ ಒಂದು ಹೋಳು ತಿಂದರೆ ತಿನ್ನಲಿ, ಎಲೆಯ ಕಷಾಯ, ಪುಡಿ, ಗುಳಿಗೆ ಬೇಡ. ಕಿಮೋ ಜೊತೆ ಲಿವರಿಗೆ ಏನು ಹೋಗುತ್ತಿದೆ ಅಂತ ನಮಗೆ ಗೊತ್ತಿರಬೇಕು. ನಾಟಿ ಮದ್ದು ಏನಾದರೂ ಈಗಾಗಲೇ ಶುರು ಮಾಡಿದ್ದರೆ ಮುಚ್ಚಿಡಬೇಡಿ, ಡಾಕ್ಟರು ಬೈದರೂ ಪರವಾಗಿಲ್ಲ.

ಅಮ್ಮನಿಗೆ ರಾತ್ರಿ ನಿದ್ದೆ ಇಲ್ಲ, ಅಳು ನಿಲ್ಲುತ್ತಿಲ್ಲ ಅಂದರೆ ಅದನ್ನೂ ರೋಗದ ಲಕ್ಷಣದ ಹಾಗೇ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಮಗೂ ಬೇಕಾಗಬಹುದು, ನಿಮ್ಮ ಪತ್ರದ ದನಿ ನೋಡಿ ಹೇಳುತ್ತಿದ್ದೇನೆ.

ಜಾಗ ಬದಲಾಯಿಸುವ ಮಾತನ್ನು ಎರಡನೇ ಕೆಂಪು ಕಿಮೋ ದಿನವೇ ಹುಬ್ಬಳ್ಳಿಯಲ್ಲಿ ಎತ್ತಿ. ಕೊನೆಗೆ ಅಂತ ಇಟ್ಟುಕೊಂಡರೆ ಕಾಗದಪತ್ರ ಓಡಾಡುವಷ್ಟರಲ್ಲಿ ಎರಡು ವಾರ ಹೋಗುತ್ತೆ. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ತಂದಿಡಿ.